ಒಲೆಯ ದಕ್ಷತೆ: ಅಳೆದದ್ದು ಎಲ್ಲಿ, ಯಾವಾಗ?

ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋಗುವುದು ಭೌತಶಾಸ್ತ್ರದ ಅಧ್ಯಾಪಕನಿಗೆ ತಪ್ಪದ ಕೆಲಸ. ಎಲ್ಲ ಪ್ರದರ್ಶನಗಳಲ್ಲೂ ಕಾಣಸಿಗುವ ಮಾದರಿಗಳಲ್ಲಿ ಸುಧಾರಿತ ಒಲೆಯೂ ಒಂದು. ಕೆಲವು ವರ್ಷಗಳ ಹಿಂದೆ ಅಂಥ ಒಂದು ಒಲೆಯ ಮುಂದೆ 'ದಕ್ಷತೆ ಶೇ. 38' ಎಂದು ಕೆಂಪು ಅಕ್ಷರಗಳಲ್ಲಿ ಬರೆದಿತ್ತು. ಮಣ್ಣಿನ ಕೆಲಸ ಅಚ್ಚುಕಟ್ಟಾಗಿತ್ತು. ಎಷ್ಟು ಸಲ ಅಳೆದೆ ಎಂದು ವಿದ್ಯಾರ್ಥಿಯನ್ನು ಕೇಳಿದೆ. "ಒಂದು ಸಲ ಸಾರ್" ಎಂದ. ಯಾವಾಗ? "ಒಲೆ ಪೂರ್ತಿ ಒಣಗಿದ ಮೇಲೆ, ಚಾರ್ಟು ಬರೆಯೋ ಹಿಂದಿನ ದಿನ."

ಇದು ಆ ಹುಡುಗನ ತಪ್ಪಲ್ಲ. 'ಮೌಲ್ಯಮಾಪನ' ಎಂದರೆ ನಮ್ಮ ಅಧ್ಯಾಪಕರಿಗೆ ನೆನಪಾಗುವುದೇ ಬೇಸಗೆಯಲ್ಲಿ ಉತ್ತರಪತ್ರಿಕೆ ತಿದ್ದುವ ಶಿಬಿರ. ಎಲ್ಲ ಮುಗಿದ ಮೇಲೆ, ಒಂದೇ ಸಲ, ಒಂದು ಅಂಕ. ಆ ಅಂಕದಿಂದ ಉತ್ತರಪತ್ರಿಕೆ ಬದಲಾಗುವುದಿಲ್ಲ. ಉತ್ಪನ್ನವೊಂದರ ವಿನ್ಯಾಸ ಮತ್ತು ಅಭಿವೃದ್ಧಿಯಲ್ಲಿ ಮೌಲ್ಯಮಾಪನದ ಪಾತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಅಳೆಯುವುದು ಬದಲಾಯಿಸಲೆಂದೇ. ಒಲೆ ಇನ್ನೂ ಹಸಿ ಮಣ್ಣಾಗಿರುವಾಗ ಅಳೆದರೆ ಬಾಯಿಯನ್ನು ಎರಡು ಬೆರಳು ಹಿಗ್ಗಿಸಬಹುದು. ಒಣಗಿದ ಮೇಲೆ ಅಳೆದರೆ ಚಾರ್ಟು ಬರೆಯಬಹುದು, ಅಷ್ಟೆ.

ಈ ಮಾತನ್ನು ನನಗೆ ಕಲಿಸಿದ್ದು ಪ್ರಯೋಗಾಲಯವಲ್ಲ, ಬಳ್ಳಾರಿಯ ಹತ್ತಿರದ ಹಲಕುಂದಿಯ ಒಂದು ಅಡುಗೆಮನೆ. ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಯಾವುದೋ ಯೋಜನೆಯಲ್ಲಿ ಹಾಕಿಸಿಕೊಟ್ಟಿದ್ದ ಹೊಗೆರಹಿತ ಒಲೆ ಮೂಲೆಯಲ್ಲಿತ್ತು. ಅದರ ಎರಡನೆಯ ಕುಳಿಗೆ ಮಣ್ಣು ಮೆತ್ತಿ ಮುಚ್ಚಿದ್ದರು. ಹೊಗೆಕೊಳವೆ ಸೂರಿನಿಂದ ಕಳಚಿ ಹಿತ್ತಲು ಸೇರಿತ್ತು. ಪಕ್ಕದಲ್ಲೇ ಮೂರು ಕಲ್ಲಿನ ಹಳೆಯ ಒಲೆ ಉರಿಯುತ್ತಿತ್ತು. ಕಾರಣ ಕೇಳಿದಾಗ ಹುಡುಗನ ಅಜ್ಜಿ ಹೇಳಿದ್ದು ಒಂದೇ ಮಾತು: "ಅದರಾಗ ರೊಟ್ಟಿ ಉಬ್ಬಂಗಿಲ್ಲ ಸಾರ್."

ಆ ಒಲೆಗೂ ಎಲ್ಲೋ ಒಂದು ಪ್ರಯೋಗಾಲಯದಲ್ಲಿ ದಕ್ಷತೆಯ ಅಂಕಿ ಇದ್ದೇ ಇತ್ತು. ಆದರೆ ಆ ಅಂಕಿ ಹುಟ್ಟಿದ್ದು ನೀರು ಕುದಿಸಿ. ರೊಟ್ಟಿ ಸುಟ್ಟಲ್ಲ.

ಐವತ್ತು ವರ್ಷಗಳ ಪ್ರಯತ್ನ

ಸುಧಾರಿತ ಒಲೆಯ ಕಥೆ ನಮ್ಮ ದೇಶದಲ್ಲಿ ಹೊಸದಲ್ಲ. ವಾರ್ಧಾದಲ್ಲಿ 1947ರ ಸುಮಾರಿಗೆ 'ಮಗನ್ ಚೂಲಾ' ಬಂತು. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು 1953ರಲ್ಲಿ ಕೋಟ್ಯಂತರ ಮನೆಗಳಿಗೆ ಹೊಗೆಯಿಲ್ಲದ ಅಡುಗೆಮನೆ ಬೇಕೆಂದು ಪುಸ್ತಕವನ್ನೇ ಬರೆದರು. ಕರ್ನಾಟಕದ ಮಟ್ಟಿಗೆ ದೊಡ್ಡ ಹೆಸರು 'ಅಸ್ತ್ರ ಒಲೆ'. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಘಟಕವು ಗ್ರಾಮೀಣ ತಂತ್ರಜ್ಞಾನಕ್ಕೆ ಮೀಸಲಾಗಿತ್ತು. ಮೂರು ಪಾತ್ರೆ ಕೂರುವ, ಹೊಗೆಕೊಳವೆಯುಳ್ಳ ಈ ಒಲೆಯನ್ನು ಲೋಕ್ರಾಸ್, ಸುಧಾಕರ ಬಾಬು, ಜಗದೀಶ್ ಮೊದಲಾದವರು 1980ರ ದಶಕದ ಆರಂಭದಲ್ಲಿ ರೂಪಿಸಿದರು.

ಈ ತಂಡದ ಕೆಲಸದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ಒಲೆಯಲ್ಲ, ಕೆಲಸದ ಕ್ರಮ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ವಿಸ್ತರಣಾ ಕೇಂದ್ರ ತೆರೆದರು. ಸುತ್ತಲ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ, ಸೌದೆ ತರಲು ಎಷ್ಟು ಹೊತ್ತು ಬೇಕು ಎಂಬುದನ್ನು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತದೆ, ಆ ಸೌದೆ ಮುಖ್ಯವಾಗಿ ಉರಿಯುವುದು ಒಲೆಯಲ್ಲಿ ಎಂದು ಗೊತ್ತಾದ ಮೇಲೆ ಒಲೆಗೆ ಕೈಹಾಕಿದರು. ಸಮಸ್ಯೆಯ ಅಳತೆ ಮೊದಲು, ಪರಿಹಾರ ಆಮೇಲೆ. ಪ್ರದರ್ಶನಗಳಲ್ಲಿ ನಾವು ಕಾಣುವುದು ಇದರ ತಿರುಗುಮುರುಗನ್ನು.

ಇದೇ ಕಾಲಕ್ಕೆ, 1983ರಲ್ಲಿ, ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ಲೆಕ್ಕದ ಪ್ರಕಾರ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಲಾಗಿತ್ತು. ಹಾಕಿದ ಒಲೆಗಳ ಲೆಕ್ಕವಿತ್ತು. ಉರಿಯುತ್ತಿರುವ ಒಲೆಗಳ ಲೆಕ್ಕ ಬೇರೆಯೇ ಆಗಿತ್ತು.

ನೀರು ಕುದಿಸುವ ಪರೀಕ್ಷೆ

ಒಲೆಯ ಉಷ್ಣದಕ್ಷತೆ ಕಂಡುಹಿಡಿಯಲು ಬಳಸುವ ವಿಧಾನ ಪಿಯುಸಿ ವಿದ್ಯಾರ್ಥಿಗೂ ತಿಳಿಯುವಂಥದು. ತೂಕ ಗೊತ್ತಿರುವ ನೀರನ್ನು ತೂಕ ಗೊತ್ತಿರುವ ಸೌದೆಯಿಂದ ಕುದಿಸಬೇಕು. ನೀರು ಪಡೆದ ಉಷ್ಣವನ್ನು ಸೌದೆ ಕೊಟ್ಟ ಉಷ್ಣದಿಂದ ಭಾಗಿಸಬೇಕು. ಒಂದು ಲೆಕ್ಕ ಮಾಡಿ ನೋಡೋಣ (ಅಂಕಿಗಳು ಉದಾಹರಣೆಗಾಗಿ ಮಾತ್ರ).

5 ಕೆ.ಜಿ. ನೀರು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ವಿಶಿಷ್ಟೋಷ್ಣ 4.18 ಎಂದು ಹಿಡಿದರೆ 5 × 4.18 × 70 = 1463 ಕಿಲೋಜೂಲ್. ಕುದಿಯುತ್ತಿರುವಾಗ 0.8 ಕೆ.ಜಿ. ನೀರು ಆವಿಯಾಯಿತು. ಗುಪ್ತೋಷ್ಣ ಕೆ.ಜಿ.ಗೆ 2260 ಕಿಲೋಜೂಲ್, ಆದ್ದರಿಂದ 1808 ಕಿಲೋಜೂಲ್. ಒಟ್ಟು 3271. ಉರಿದ ಸೌದೆ 1 ಕೆ.ಜಿ., ಅದರ ಉಷ್ಣಮೌಲ್ಯ 16,000 ಕಿಲೋಜೂಲ್. ಕೊನೆಯಲ್ಲಿ ಉಳಿದ 50 ಗ್ರಾಂ ಇದ್ದಿಲಿನಲ್ಲಿ ಸುಮಾರು 1450 ಕಿಲೋಜೂಲ್ ಇನ್ನೂ ಇದೆ, ಅದನ್ನು ಕಳೆದರೆ 14,550. ದಕ್ಷತೆ = 3271 ÷ 14,550, ಅಂದರೆ ಶೇ. 22.5.

ಚೆನ್ನಾಗಿದೆ. ಆದರೆ ಆವಿಯ ಪಾಲನ್ನು ಬಿಟ್ಟು ಲೆಕ್ಕ ಹಾಕಿ: 1463 ÷ 14,550, ಅಂದರೆ ಶೇ. 10. ನಾವು ಹೊಗಳುತ್ತಿರುವ ದಕ್ಷತೆಯ ಅರ್ಧಕ್ಕಿಂತ ಹೆಚ್ಚು ಭಾಗ ಸೂರಿಗೆ ಹೋದ ಆವಿ! ಅನ್ನ ಬೇಯಲು ನೀರು 100 ಡಿಗ್ರಿಯ ಆಸುಪಾಸಿನಲ್ಲಿ ಇದ್ದರೆ ಸಾಕು. ಕೊತಕೊತ ಕುದಿದರೂ ಸಣ್ಣಗೆ ಕುದಿದರೂ ಉಷ್ಣತೆ ಅಷ್ಟೇ. ಉರಿ ತಗ್ಗಿಸಲಾಗದ ಒಲೆ ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುತ್ತದೆ, ಅಡುಗೆಮನೆಯಲ್ಲಿ ಹೆಚ್ಚು ಸೌದೆ ತಿನ್ನುತ್ತದೆ. ಈ ಸೂತ್ರವನ್ನೇ ಗುರಿಯಾಗಿಟ್ಟುಕೊಂಡು ವಿನ್ಯಾಸ ಮಾಡಿದವನು ತನಗೇ ಗೊತ್ತಿಲ್ಲದೆ ಆವಿ ಮಾಡುವ ಯಂತ್ರವನ್ನು ತಯಾರಿಸುತ್ತಾನೆ.

ಎರಡನೆಯ ತೊಂದರೆ ಸೌದೆಯದು. ಪ್ರಯೋಗಾಲಯದಲ್ಲಿ ಬಳಸುವುದು ಒಂದೇ ಅಳತೆಗೆ ಸೀಳಿದ ಒಣ ಸೌದೆ. ನಮ್ಮ ಕಡೆ ಉರಿಯುವುದು ಬಳ್ಳಾರಿ ಜಾಲಿ, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ. ತೂಕದ ಶೇ. 10ರಷ್ಟು ತೇವವಿರುವ ಸೌದೆ ಕೆ.ಜಿ.ಗೆ ಸುಮಾರು 16,000 ಕಿಲೋಜೂಲ್ ಕೊಟ್ಟರೆ, ಶೇ. 25 ತೇವವಿರುವುದು 13,000ಕ್ಕಿಂತ ಸ್ವಲ್ಪ ಕಡಿಮೆ ಕೊಡುತ್ತದೆ. ಉರಿಯುವ ವಸ್ತುವೇ ಕಡಿಮೆ, ಜೊತೆಗೆ ಅದರೊಳಗಿನ ನೀರನ್ನು ಆವಿ ಮಾಡಲು ಬೇರೆ ಉಷ್ಣ ಬೇಕು. ಮಳೆಗಾಲದ ಸೌದೆಯನ್ನು 16,000 ಎಂದು ಎಣಿಸಿ ಎರಡು ಒಲೆಗಳನ್ನು ಹೋಲಿಸಿದರೆ ನಾವು ಹೋಲಿಸುತ್ತಿರುವುದು ಒಲೆಗಳನ್ನಲ್ಲ, ಸೌದೆಗಳನ್ನು. ಉದ್ದನೆಯ ಜಾಲಿ ಕೊಂಬೆಯನ್ನು ಮೂರು ಕಲ್ಲಿನ ಒಲೆಗೆ ಹಾಗೆಯೇ ತಳ್ಳುತ್ತ ಹೋಗಬಹುದು. ಉರಿಗೂಡು ಮುಚ್ಚಿದ ಒಲೆಗಾದರೆ ಸಣ್ಣಗೆ ಕಡಿದುಕೊಳ್ಳಬೇಕು. ಜಾಲಿ ಮುಳ್ಳಿನ ನಡುವೆ ಕೂತು ಹಾಗೆ ಕಡಿಯುವ ಕೆಲಸ ಯಾರ ಪಾಲಿಗೆ ಬರುತ್ತದೆ? ದಕ್ಷತೆಯ ಸೂತ್ರದಲ್ಲಿ ಅದಕ್ಕೆ ಯಾವ ಅಕ್ಷರವೂ ಇಲ್ಲ.

ಮೂರನೆಯದು ಹೊಗೆ. ಒಲೆಯ ಒಟ್ಟು ದಕ್ಷತೆ ಎರಡು ಅಂಶಗಳ ಗುಣಲಬ್ಧ: ಸೌದೆ ಎಷ್ಟು ಪೂರ್ಣವಾಗಿ ಉರಿಯಿತು ಎಂಬುದು ಒಂದು, ಹುಟ್ಟಿದ ಉಷ್ಣದಲ್ಲಿ ಎಷ್ಟು ಪಾತ್ರೆಗೆ ತಲುಪಿತು ಎಂಬುದು ಇನ್ನೊಂದು. ಪಾತ್ರೆಯನ್ನು ಉರಿಗೆ ಹತ್ತಿರ ತಂದು ಸಂದು ಕಿರಿದು ಮಾಡಿದರೆ ಎರಡನೆಯ ಅಂಶ ಏರುತ್ತದೆ. ಆದರೆ ಜ್ವಾಲೆ ತಣ್ಣನೆಯ ಪಾತ್ರೆಗೆ ತಗುಲಿ ದಹನ ಅರ್ಧಕ್ಕೇ ನಿಲ್ಲುತ್ತದೆ. ಕಾರ್ಬನ್ ಮಾನಾಕ್ಸೈಡೂ ಮಸಿಯೂ ಹೆಚ್ಚುತ್ತವೆ. ಮೊದಲನೆಯ ಅಂಶ ನೂರಕ್ಕೆ ಎರಡೋ ಮೂರೋ ಇಳಿದಿರುತ್ತದೆ, ಎರಡನೆಯದರ ಏರಿಕೆಯಲ್ಲಿ ಅದು ಮುಚ್ಚಿಹೋಗುತ್ತದೆ. ಅಂದರೆ ಒಲೆಯೊಂದು ಹೆಚ್ಚು ದಕ್ಷವೂ ಹೆಚ್ಚು ಹೊಗೆಯುಳ್ಳದ್ದೂ ಏಕಕಾಲಕ್ಕೆ ಆಗಬಹುದು. ಆ ಎರಡು ಮೂರು ಅಂಶವೇ ಒಲೆಯ ಮುಂದೆ ಕೂತವರ ಶ್ವಾಸಕೋಶಕ್ಕೆ ಹೋಗುವುದು. ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಮಹಿಳೆಯರು ಸೇವಿಸುವ ಹೊಗೆಯನ್ನು ಅಳೆದು 1983ರಲ್ಲಿ ಪ್ರಕಟಿಸುವವರೆಗೆ ಇದನ್ನು ಅಳೆಯಬೇಕೆಂದೇ ಹೆಚ್ಚಿನವರಿಗೆ ಹೊಳೆದಿರಲಿಲ್ಲ.

ರೊಟ್ಟಿ ಏಕೆ ಉಬ್ಬಲಿಲ್ಲ?

ಅಜ್ಜಿಯ ಮಾತಿಗೆ ಬರೋಣ. ಜೋಳದ ರೊಟ್ಟಿಯನ್ನು ಬಡಿದು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಮಗುಚುತ್ತಾರೆ. ಬಹಳ ಮನೆಗಳಲ್ಲಿ ಕೊನೆಯ ಹಂತವನ್ನು ಒಲೆಯ ಬಾಯಲ್ಲಿ ನಡೆಸುತ್ತಾರೆ. ಕೆಂಡವನ್ನು ಮುಂದಕ್ಕೆಳೆದು ರೊಟ್ಟಿಯನ್ನು ಅದಕ್ಕೆ ಎದುರಾಗಿ ಒರಗಿಸುತ್ತಾರೆ. ಒಳಗಿನ ತೇವ ಒಮ್ಮೆಲೇ ಆವಿಯಾಗಿ ಪದರ ಬಿಡುತ್ತದೆ, ರೊಟ್ಟಿ ಉಬ್ಬುತ್ತದೆ. ಇಲ್ಲಿ ಉಷ್ಣ ಬರುವುದು ಮುಖ್ಯವಾಗಿ ವಿಕಿರಣದಿಂದ. ಸುಮಾರು 1000 ಕೆಲ್ವಿನ್‌ನಲ್ಲಿರುವ ಆದರ್ಶ ಕಪ್ಪುಕಾಯ ಪ್ರತಿ ಚದರ ಮೀಟರಿಗೆ ಸುಮಾರು 57 ಕಿಲೋವಾಟ್ ಹೊರಸೂಸುತ್ತದೆ (ಸ್ಟೆಫಾನ್ ನಿಯಮವನ್ನು ಬಳಸಿ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು). ಕೆಂಡವೂ ಈ ಲೆಕ್ಕಕ್ಕೆ ಹತ್ತಿರವೇ. ಆದರೆ ರೊಟ್ಟಿಗೆ ಕೆಂಡ ಕಾಣಬೇಕು. ದಹನ ಸುಧಾರಿಸಲೆಂದು ಬಾಯಿ ಕಿರಿದು ಮಾಡಿ ಉರಿಗೂಡು ಮುಚ್ಚಿದ ಒಲೆಯಲ್ಲಿ ಅದು ಕಾಣುವುದೇ ಇಲ್ಲ.

ಹಾಗೆ ನೋಡಿದರೆ ವಿನ್ಯಾಸಕಾರ ತಪ್ಪೇನೂ ಮಾಡಿಲ್ಲ. ಹೆಚ್ಚುವರಿ ಗಾಳಿ ತಡೆಯಬೇಕು, ಬಾಯಿ ಕಿರಿದಿರಬೇಕು ಎಂಬುದು ಸರಿಯಾದ ಭೌತಶಾಸ್ತ್ರ. ಅವನ ಪರೀಕ್ಷೆಯಲ್ಲಿ ರೊಟ್ಟಿಯೇ ಇರಲಿಲ್ಲ, ಅಷ್ಟೆ. ಉಂಗ್ರದ ಸುತ್ತ ರಾಗಿಮುದ್ದೆ ಉಣ್ಣುತ್ತಾರೆ. ಮುದ್ದೆಗೆ ಕೆಂಡ ಕಾಣಬೇಕಿಲ್ಲ, ಕೋಲು ಹಾಕಿ ಬಲವಾಗಿ ತಿರುವುವಾಗ ಪಾತ್ರೆ ಅಲುಗದಂತೆ ಕೂರಬೇಕು. ಅಲ್ಲಿನ ಕಷ್ಟ ಬೇರೆ, ಇಲ್ಲಿನ ಕಷ್ಟ ಬೇರೆ. ಒಂದೇ ರಾಜ್ಯದೊಳಗೇ ಹೀಗಿರುವಾಗ ಇಡೀ ದೇಶದ ಒಲೆಗಳನ್ನು ಒಂದೇ ಪಾತ್ರೆ ನೀರಿನಿಂದ ಒರೆಗೆ ಹಚ್ಚಿದ್ದು ನನ್ನ ದೃಷ್ಟಿಯಲ್ಲಿ ಅತಿ ಸರಳೀಕರಣ. ಅನುಮೋದನೆಗೆ ಅನುಕೂಲ, ವಿನ್ಯಾಸಕ್ಕೆ ಮಾರಕ.

ಒಲೆಯಿಂದ ವಿಮಾನಕ್ಕೆ ಜಿಗಿದರೆ ಓದುಗರು ಕ್ಷಮಿಸಬೇಕು. ಹಂತಹಂತದ ಪರೀಕ್ಷೆಗೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ, ಅದರಲ್ಲೊಂದು ಎಚ್ಚರಿಕೆಯೂ ಇದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕುರ್ಟ್ ಟ್ಯಾಂಕ್ ಅವರ ತಂಡ ಎಚ್‌ಎಫ್-24 'ಮಾರುತ್' ಯುದ್ಧವಿಮಾನವನ್ನು ರೂಪಿಸುವಾಗ ಲೋಹದ ವಿಮಾನಕ್ಕೆ ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿ 1959ರಲ್ಲಿ ಹಾರಿಸಿ ನೋಡಿತು. ಆಕಾರದ ಗುಣದೋಷ ಅಗ್ಗದಲ್ಲಿ, ಬೇಗ ತಿಳಿಯಿತು. 1961ರ ಜೂನ್ 17ರಂದು ಮಾರುತ್ ಮೊದಲ ಸಲ ಹಾರಿತು. ಆದರೆ ಯಾವ ಎಂಜಿನನ್ನು ನಂಬಿ ವಿನ್ಯಾಸ ಮಾಡಿದ್ದರೋ ಅದರ ಅಭಿವೃದ್ಧಿ ಬ್ರಿಟನ್ನಿನಲ್ಲಿ ಕೈಬಿಟ್ಟುಹೋಯಿತು. ಕಡಿಮೆ ಬಲದ ಆರ್ಫಿಯಸ್ 703 ಎಂಜಿನನ್ನೇ ಕೂರಿಸಬೇಕಾಯಿತು. ಶಬ್ದದ ಎರಡರಷ್ಟು ವೇಗದ ಗುರಿಯಿದ್ದ ವಿಮಾನ ಶಬ್ದದ ವೇಗದ ಹತ್ತಿರದಲ್ಲೇ ಉಳಿಯಿತು. ಮೈಯನ್ನು ಮಾತ್ರ ಪರೀಕ್ಷಿಸಿದರೆ ಇಡೀ ವ್ಯವಸ್ಥೆಯ ಪರೀಕ್ಷೆಯಾಗುವುದಿಲ್ಲ. ಒಲೆಗೆ ಸೌದೆ, ಪಾತ್ರೆ, ಅಡುಗೆ, ಅಡುಗೆ ಮಾಡುವವರು ಎಲ್ಲ ಸೇರಿ ಒಂದು ವ್ಯವಸ್ಥೆ. ನಾವು ಒಲೆಯನ್ನು ಬಿಡಿಯಾಗಿ ಅಳೆದು ಅಂಕ ಕೊಟ್ಟೆವು.

ಆರು ತಿಂಗಳ ನಂತರ

ಮೊದಲ ದಿನದ ಅಳತೆಗೂ ಆರು ತಿಂಗಳ ನಂತರದ ಅಳತೆಗೂ ಅಜಗಜಾಂತರ. ಹತ್ತು ಸೆಂಟಿಮೀಟರ್ ವ್ಯಾಸದ ಹೊಗೆಕೊಳವೆಯ ಒಳಗೋಡೆಗೆ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ಉಳಿಯುವ ವ್ಯಾಸ ಎಂಟು, ವಿಸ್ತೀರ್ಣ ಮೊದಲಿನ ಶೇ. 64. ಮಸಿಗಟ್ಟಿದ ಒರಟು ಗೋಡೆ ಹೊಗೆಯನ್ನು ಇನ್ನಷ್ಟು ತಡೆಯುತ್ತದೆ. ಹೊರಹೋಗಲು ದಾರಿ ಕಾಣದ ಹೊಗೆ ಒಲೆಯ ಬಾಯಿಂದ ಮನೆಗೇ ಬರುತ್ತದೆ. ಮಣ್ಣು ಬಿರುಕು ಬಿಡುತ್ತದೆ. ಬಿರುಕಿನಿಂದ ನುಗ್ಗುವ ಗಾಳಿ, ವಿನ್ಯಾಸಕಾರ ಲೆಕ್ಕ ಹಾಕಿದ ಗಾಳಿಯಲ್ಲ.

ಒಡಿಶಾದಲ್ಲಿ ಹನ್ನಾ, ಡುಫ್ಲೊ ಮತ್ತು ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 2,600 ಮನೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಹೊಗೆಕೊಳವೆಯ ಸುಧಾರಿತ ಒಲೆ ಪಡೆದ ಮನೆಗಳಲ್ಲಿ ಮೊದಲ ವರ್ಷ ಮಹಿಳೆಯರು ಸೇವಿಸುವ ಹೊಗೆ ಇಳಿಯಿತು. ಆಮೇಲೆ ಆ ಇಳಿಕೆ ಮಾಯವಾಯಿತು. ಸೌದೆ ಉಳಿತಾಯವೂ ಕಾಣಲಿಲ್ಲ. ಒಲೆಗಳನ್ನು ನಿಯಮಿತವಾಗಿ ಬಳಸಿರಲಿಲ್ಲ, ದುರಸ್ತಿ ಮಾಡಿರಲಿಲ್ಲ. ಮಹಿಳೆಯರಿಗೆ ತಿಳಿವಳಿಕೆ ಸಾಲದು ಎಂದು ಇದಕ್ಕೆ ಷರಾ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಿಂಗಳಿಗೊಮ್ಮೆ ಸೂರು ಹತ್ತಿ ಕೊಳವೆ ಗುಡಿಸಬೇಕಾಗುತ್ತದೆ ಎಂಬುದು ಒಲೆಯ ಕಾರ್ಯಕ್ಷಮತೆಯ ಒಂದು ಅಂಶ. ಅದನ್ನು ಮೂಲಮಾದರಿಯ ಹಂತದಲ್ಲೇ ಪರೀಕ್ಷಿಸಬೇಕಿತ್ತು.

ಮಾನಕಗಳು ನಿಧಾನವಾಗಿ ಪಾಠ ಕಲಿತಿವೆ. ಭಾರತೀಯ ಮಾನಕ ಬ್ಯೂರೋದ ಐಎಸ್ 13152 (1991) ಮಾನಕವನ್ನು 2013ರಲ್ಲಿ ಪರಿಷ್ಕರಿಸಿದಾಗ ಸಾದಾ ಒಲೆಗೆ ಕನಿಷ್ಠ ಶೇ. 25, ಫ್ಯಾನ್ ಇರುವ ಒಲೆಗೆ ಶೇ. 35 ದಕ್ಷತೆಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೊಗೆಯ ಕಣಗಳಿಗೂ ಮಿತಿ ವಿಧಿಸಲಾಯಿತು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 2018ರಲ್ಲಿ ಪ್ರಯೋಗಾಲಯದ ಪರೀಕ್ಷಾ ವಿಧಾನವನ್ನೂ, 2019ರಲ್ಲಿ ಪ್ರತ್ಯೇಕವಾಗಿ ಮನೆಗಳಲ್ಲಿ ನಡೆಸುವ ಪರೀಕ್ಷೆಯ ವಿಧಾನವನ್ನೂ ಪ್ರಕಟಿಸಿತು. ಮನೆಯ ಪರೀಕ್ಷೆಗೆ ತನ್ನದೇ ಮಾನಕ ಬರಲು ಇಷ್ಟು ವರ್ಷ ಬೇಕಾಯಿತು.

ಉಜ್ವಲಾ ಯೋಜನೆ 2016ರಲ್ಲಿ ಆರಂಭವಾದ ಮೇಲೆ ಗ್ಯಾಸ್ ಎಲ್ಲೆಡೆ ಬಂದಿದೆಯಲ್ಲ, ಇನ್ನು ಸೌದೆ ಒಲೆಯ ಮಾತೇಕೆ ಎಂದು ಕೇಳಬಹುದು. ಹಲಕುಂದಿಯ ಆ ಮನೆಯಲ್ಲೂ ಈಗ ಸಿಲಿಂಡರ್ ಇದೆ. ಚಹಾ, ಸಾರು ಅದರ ಮೇಲೆ. ರೊಟ್ಟಿ ಮತ್ತು ಸ್ನಾನದ ನೀರು ಸೌದೆಯಲ್ಲಿ. ಒಂದೇ ಮನೆಯಲ್ಲಿ ಎರಡು ಮೂರು ಒಲೆಗಳನ್ನು ಕೆಲಸಕ್ಕೆ ತಕ್ಕಂತೆ ಬಳಸುವುದು ಎಲ್ಲೆಡೆ ಕಂಡುಬರುವ ಸಂಗತಿ. ಯಾವ ಒಲೆ ಯಾವ ಕೆಲಸಕ್ಕೆ ಎಂಬ ಮೌಲ್ಯಮಾಪನವನ್ನು ಆ ಮನೆಯವರು ದಿನವೂ ಮಾಡುತ್ತಾರೆ, ವರದಿ ಬರೆಯುವುದಿಲ್ಲ.

ಮೂರು ಸಲ ಅಳೆದರೆ ಸಾಕೆ?

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಒಂದು ಸಲ ಅಳೆಯುವುದಕ್ಕಿಂತ ಮೂರು ಸಲ ಅಳೆಯುವುದು ಮೇಲು, ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು. ಹಳೆಯ ಒಲೆಯ ದಕ್ಷತೆ ಮೂರು ಪ್ರಯೋಗಗಳಲ್ಲಿ 17, 21, 16 ಬಂತೆನ್ನಿ. ಸರಾಸರಿ 18. ಹೊಸದರಲ್ಲಿ 19, 24, 20. ಸರಾಸರಿ 21. ಚಾರ್ಟಿನಲ್ಲಿ 'ಮೂರು ಅಂಶ ಸುಧಾರಣೆ' ಎಂದು ಬರೆಯಲು ಕೈ ತುರಿಸುತ್ತದೆ. ಎರಡೂ ಗುಂಪುಗಳ ಮಾನಕ ವಿಚಲನೆ ಸುಮಾರು 2.65. ಆಗ ಸರಾಸರಿಗಳ ವ್ಯತ್ಯಾಸದ ಮಾನಕ ದೋಷ 2.2ರಷ್ಟು. ಅಂದರೆ ಸುಧಾರಣೆ 3, ಅದರ ಅನಿಶ್ಚಿತತೆ ಹೆಚ್ಚುಕಡಿಮೆ ಅಷ್ಟೇ. ಗಾಳಿ ಬೀಸಿದ ದಿಕ್ಕಿನಿಂದಲೂ ಇಷ್ಟು ವ್ಯತ್ಯಾಸ ಬರಬಹುದು. ಮಾನಕ ದೋಷ 1ಕ್ಕೆ ಇಳಿಯಬೇಕಾದರೆ ಪ್ರತಿ ಒಲೆಯಲ್ಲೂ 14 ಸಲ ಪ್ರಯೋಗ ಮಾಡಬೇಕು. ಬೇಸರದ ಕೆಲಸ ನಿಜ. ಪ್ರಶಸ್ತಿಗೆ ಇದರಿಂದ ಹೆಚ್ಚು ಅಂಕ ಸಿಗುವುದಿಲ್ಲ ಎಂಬುದೂ ನಿಜ, ಅದು ತೀರ್ಪುಗಾರರಾದ ನಮ್ಮ ಲೋಪ.

'ಶೇ. 38'ರ ಹುಡುಗ ಮುಂದಿನ ವರ್ಷ ಮತ್ತೆ ಬಂದ. ಈ ಸಲ ಕೆಂಪು ಅಕ್ಷರಗಳಿರಲಿಲ್ಲ, ಒಂದು ನೋಟುಪುಸ್ತಕವಿತ್ತು. ದಿನಸಿ ಅಂಗಡಿಯ ತಕ್ಕಡಿ, ಒಂದು ಥರ್ಮಾಮೀಟರು, ಇವಿಷ್ಟೇ ಅವನ ಉಪಕರಣ. ಒಲೆಯನ್ನು ಮೂರು ಸಲ ಒಡೆದು ಕಟ್ಟಿದ್ದ. ಪ್ರತಿ ಸಲವೂ ದಿನಾಂಕ, ಸೌದೆಯ ಜಾತಿ, ಅದು ಎಷ್ಟು ದಿನ ಬಿಸಿಲಿಗೆ ಒಣಗಿತ್ತು ಎಂಬುದನ್ನು ಬರೆದಿದ್ದ. ಅಂಕಿ 38ರಿಂದ ಬಹಳ ಕೆಳಗಿಳಿದಿತ್ತು. ಕೊನೆಯ ಕಾಲಂ ಅವನ ತಾಯಿಯ ಕೈಬರಹದಲ್ಲಿತ್ತು: ಎಷ್ಟು ರೊಟ್ಟಿ, ಎಷ್ಟು ಕಟ್ಟಿಗೆ, ಎಷ್ಟು ಉಬ್ಬಿದವು. ಮೂರನೆಯ ಒಲೆಯ ಬಾಯಿ ಮೊದಲಿನದಕ್ಕಿಂತ ಅಗಲವಾಗಿತ್ತು, ಅದಕ್ಕೊಂದು ತಗಡಿನ ಮುಚ್ಚಳವಿತ್ತು. ಅನ್ನ ಬೇಯುವಾಗ ಮುಚ್ಚಿ, ರೊಟ್ಟಿ ಸುಡುವಾಗ ತೆಗೆಯುವುದು. ಮುಚ್ಚಳ ಕಾದು ಕೈ ಸುಡುತ್ತದೆ ಎಂದು ತಾಯಿ ಕೆಳಗೆ ಬರೆದಿದ್ದರು. ನಾಲ್ಕನೆಯ ಒಲೆಗೆ ಮುಚ್ಚಳಕ್ಕೆ ಮರದ ಹಿಡಿ ಹಾಕಿಸುತ್ತೇನೆ ಎಂದ.